ಹಳೆಯ ಅಮೆರಿಕನ್ ಕೋವಿಯ ನಳಿಗೆ: ಉಕ್ಕಿನ ಮೂಲವನ್ನು ಪತ್ತೆಹಚ್ಚುವ ಬಗೆ

ಅಮೆರಿಕದಲ್ಲಿ ನೆಲೆಸಿದ್ದು, ಅಲ್ಲಿನ ಹಳೆಯ ಜೋಡುನಳಿಗೆ ಕೋವಿಗಳನ್ನು ಸಂಗ್ರಹಿಸುವ ಹವ್ಯಾಸ ಬೆಳೆಸಿಕೊಂಡಿರುವ ಓದುಗರು ಒಂದೇ ಪ್ರಶ್ನೆಯನ್ನು ಬೇರೆಬೇರೆ ಮಾತುಗಳಲ್ಲಿ ಕೇಳುತ್ತಿರುತ್ತಾರೆ. ಒಬ್ಬರ ಪಾರ್ಕರ್ ಕೋವಿಯ ಮೇಲೆ ‘ಟೈಟಾನಿಕ್ ಸ್ಟೀಲ್’ ಎಂದು ಕೊರೆದಿದೆ, ಇನ್ನೊಬ್ಬರ ಎಲ್.ಸಿ. ಸ್ಮಿತ್ ಕೋವಿಯ ಮೇಲೆ ‘ಲಂಡನ್ ಸ್ಟೀಲ್’ ಎಂದಿದೆ, ಮತ್ತೊಬ್ಬರ ಫಾಕ್ಸ್ ಕೋವಿಯ ಮೇಲೆ ‘ಕ್ರುಪ್’ ಎಂಬ ಹೆಸರಿದೆ. ಈ ಉಕ್ಕು ನಿಜವಾಗಿ ಎಲ್ಲಿ ತಯಾರಾಯಿತು ಎಂಬುದು ಎಲ್ಲರ ಕುತೂಹಲ. ಇದಕ್ಕೆ ಒಂದೇ ಸಾಲಿನ ಉತ್ತರವಿಲ್ಲ. ಕೋವಿಯ ಮೇಲ್ಭಾಗದಲ್ಲಿ ಕಾಣುವ ಹೆಸರು ಬಹುತೇಕ ಸಂದರ್ಭಗಳಲ್ಲಿ ಮಾರಾಟಕ್ಕಾಗಿ ಇಟ್ಟ ಹೆಸರೇ ಹೊರತು ಊರಿನ ಗುರುತಲ್ಲ. ಊರಿನ ಗುರುತು ಎಲ್ಲಾದರೂ ಉಳಿದಿದ್ದರೆ ಅದು ನಳಿಗೆಯ ಅಡಿಯಲ್ಲಿ, ಮರದ ಹಿಡಿಯ ಮರೆಯಲ್ಲಿ ಇರುತ್ತದೆ. ಅದನ್ನು ಹುಡುಕುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲಿಗೆ ಪ್ರಶ್ನೆಯನ್ನೇ ಸರಿಯಾಗಿ ಬಿಡಿಸಿಕೊಳ್ಳಬೇಕು. ‘ಈ ನಳಿಗೆ ಎಲ್ಲಿಯದು’ ಎಂಬ ಮಾತಿನೊಳಗೆ ಮೂರು ಪ್ರಶ್ನೆಗಳು ಅಡಗಿವೆ: ಉಕ್ಕನ್ನು ಕರಗಿಸಿ ಎರಕ ಹೊಯ್ದ ಊರು ಯಾವುದು, ಆ ಉಕ್ಕನ್ನು ಕೊಳವೆಯಾಗಿ ಬಡಿದ ಅಥವಾ ಕೊರೆದ ಊರು ಯಾವುದು, ಕೊಳವೆಗಳನ್ನು ಜೋಡಿಸಿ ಕೋವಿಯಾಗಿ ಮುಗಿಸಿದ ಊರು ಯಾವುದು. ಈ ಮೂರೂ ಬೇರೆಬೇರೆ ದೇಶಗಳಲ್ಲಿ ಇರಬಹುದು. ಜರ್ಮನಿಯ ಎಸ್ಸೆನ್ ನಗರದ ಕ್ರುಪ್ ಕಾರ್ಖಾನೆಯ ಉಕ್ಕನ್ನು ಸುಲ್ ಪಟ್ಟಣದ ಕೋವಿ ಕಸುಬುದಾರರು ನಳಿಗೆಗೆ ಬಳಸುತ್ತಿದ್ದುದು ಕೋವಿ ಬಲ್ಲವರಿಗೆಲ್ಲ ತಿಳಿದ ಸಂಗತಿ. ಹಾಗಿರುವಾಗ ‘ಕ್ರುಪ್’ ಎಂಬ ಒಂದೇ ಪದದಿಂದ ನಳಿಗೆ ಕೊರೆದ ಊರನ್ನು ನಿರ್ಧರಿಸಲಾಗದು. ನೀವು ಬರೆದಿಟ್ಟುಕೊಳ್ಳುವ ಟಿಪ್ಪಣಿಯಲ್ಲಿ ಈ ಮೂರು ಪ್ರಶ್ನೆಗಳಿಗೂ ಪ್ರತ್ಯೇಕ ಸಾಲು ಇರಲಿ.

ಬೇಕಾಗುವ ಸಾಮಗ್ರಿ

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಕೈಮಸೂರ, ಓರೆಯಾಗಿ ಬೆಳಕು ಬೀಳಿಸಲು ಸಣ್ಣ ಟಾರ್ಚು, ಹತ್ತಿರದಿಂದ ಚಿತ್ರ ತೆಗೆಯಬಲ್ಲ ಕ್ಯಾಮೆರಾ, ಮೆತ್ತನೆಯ ಹತ್ತಿಬಟ್ಟೆ, ತೆಳುವಾದ ಯಂತ್ರದೆಣ್ಣೆ, ಮುದ್ರೆಗಳ ಕೊಳೆ ತೆಗೆಯಲು ಮರದ ಹಲ್ಲುಕಡ್ಡಿ ಮತ್ತು ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಸಾಕು. ಮರಳು ಕಾಗದ, ತಂತಿಯ ಬ್ರಷ್, ತುಕ್ಕು ತೆಗೆಯುವ ಆಮ್ಲ ಇವುಗಳನ್ನು ಮೇಜಿನ ಮೇಲೆ ಇಡಲೇಬೇಡಿ. ನೂರು ವರ್ಷ ಉಳಿದ ಮುದ್ರೆಯನ್ನು ಒಂದು ನಿಮಿಷದಲ್ಲಿ ಅಳಿಸಿದವರು ಕಡಿಮೆಯಿಲ್ಲ.

ಹಂತ 1: ಕೋವಿಯನ್ನು ಬರಿದುಮಾಡಿ, ಬಿಚ್ಚಿ

ಕೋವಿಯನ್ನು ಮಡಿಚಿ ಎರಡೂ ನಳಿಗೆಗಳಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಆಮೇಲೆ ನಳಿಗೆಯ ಕೆಳಗಿರುವ ಮರದ ಮುಂಗೈಹಿಡಿಯನ್ನು, ಅಂದರೆ ಫೋರೆಂಡನ್ನು, ತೆಗೆದು ನಳಿಗೆಗಳನ್ನು ಫ್ರೇಮಿನಿಂದ ಬೇರ್ಪಡಿಸಿ. ಫ್ರೇಮ್ ಎಂದರೆ ಕುದುರೆ, ಲಾಕು ಮೊದಲಾದ ಭಾಗಗಳನ್ನು ಹೊತ್ತಿರುವ ಲೋಹದ ಒಡಲು. ಈಗ ನಳಿಗೆಯ ಬುಡದಲ್ಲಿ, ಫ್ರೇಮಿನ ಮೇಲೆ ಕೂರುವ ಜಾಗದಲ್ಲಿ, ಎರಡು ಚಪ್ಪಟೆ ಪಟ್ಟಿಗಳು ಕಾಣುತ್ತವೆ. ಇಂಗ್ಲಿಷ್ ಬಲ್ಲ ಸಂಗ್ರಾಹಕರು ಇವನ್ನು ಫ್ಲ್ಯಾಟ್ಸ್ ಎನ್ನುತ್ತಾರೆ. ಮುಂದಿನ ಕೆಲಸದ ಅರ್ಧ ಭಾಗ ನಡೆಯುವುದು ಈ ಪಟ್ಟಿಗಳ ಮೇಲೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ಉಕ್ಕಿನ ಮೂಲ ತಿಳಿದರೆ ನಳಿಗೆಯ ಗಟ್ಟಿತನ ತಿಳಿದಂತಾಗುವುದಿಲ್ಲ. ಒಳಗೆ ಎಷ್ಟು ಸವೆದಿದೆ, ಗೋಡೆ ಎಷ್ಟು ದಪ್ಪ ಉಳಿದಿದೆ, ತೋಟಾ ಕೂರುವ ಕೋಣೆ ಎಷ್ಟು ಉದ್ದವಿದೆ ಎಂಬವು ಬೇರೆಯೇ ಪರೀಕ್ಷೆಗಳು. ಹಳೆಯ ಅನೇಕ ಕೋವಿಗಳ ಕೋಣೆ ಇಂದಿನ ಎರಡೂಮುಕ್ಕಾಲು ಅಂಗುಲದ ತೋಟಾಕ್ಕಿಂತ ಗಿಡ್ಡವಾಗಿರುತ್ತದೆ. ಅಂಥದರಲ್ಲಿ ಇಂದಿನ ತೋಟಾ ಹಾಕಿ ಈಡು ಹೊಡೆಯುವುದು ಅಪಾಯಕರ. ‘ಕ್ರುಪ್ ಉಕ್ಕು, ಹಾಗಾಗಿ ಗಟ್ಟಿ’ ಎಂದು ಯಾರಾದರೂ ಹೇಳಿದರೆ ನಂಬದೆ, ಈ ಕೆಲಸ ಬಲ್ಲ ಗನ್‌ಸ್ಮಿತ್‌ಗೆ ತೋರಿಸಿ ಅಳತೆ ತೆಗೆಸಿಕೊಳ್ಳಿ.

ಹಂತ 2: ತಯಾರಕ ಮತ್ತು ಇಸವಿಯನ್ನು ಗೊತ್ತುಮಾಡಿಕೊಳ್ಳಿ

ಇಸವಿ ತಿಳಿಯದೆ ಮುಂದಿನ ಯಾವ ಹಂತವೂ ಫಲ ಕೊಡದು. ಕ್ರಮಸಂಖ್ಯೆ ಫ್ರೇಮಿನ ಮೇಲೆ, ನಳಿಗೆಯ ಅಡಿಯಲ್ಲಿ ಮತ್ತು ಫೋರೆಂಡಿನ ಲೋಹದ ಭಾಗದ ಮೇಲೆ, ಹೀಗೆ ಮೂರು ಕಡೆ ಇರುತ್ತದೆ. ಮೂರೂ ಒಂದೇ ಆಗಿರಬೇಕು. ನಳಿಗೆಯ ಸಂಖ್ಯೆ ಬೇರೆಯಾಗಿದ್ದರೆ ಅದು ಇನ್ನೊಂದು ಕೋವಿಯಿಂದ ಬಂದ ನಳಿಗೆ. ಆಗ ಫ್ರೇಮಿನ ಇಸವಿಯಿಂದ ನಳಿಗೆಯ ಇಸವಿಯನ್ನು ಊಹಿಸುವ ದಾರಿ ಅಲ್ಲಿಗೇ ಮುಚ್ಚಿತು. ನಳಿಗೆಯ ಬುಡದಿಂದ ಮೂರು ನಾಲ್ಕು ಅಂಗುಲ ಮುಂದೆ ಸುತ್ತಲೂ ಕೂದಲೆಳೆಯಂಥ ಗೆರೆ ಕಂಡರೆ, ಹಳೆಯ ಬುಡವನ್ನು ಮಾತ್ರ ಉಳಿಸಿಕೊಂಡು ಉಳಿದ ಉದ್ದಕ್ಕೆ ಹೊಸ ಕೊಳವೆ ತೊಡಿಸಿದ್ದಾರೆ ಎಂದು ತಿಳಿಯಿರಿ. ಇದಕ್ಕೆ ಸ್ಲೀವಿಂಗ್ ಎನ್ನುತ್ತಾರೆ. ಅಂಥ ನಳಿಗೆಯ ಮುಂಭಾಗದ ಉಕ್ಕು ಇತ್ತೀಚಿನದು.

ಮುಖ್ಯ ತಯಾರಕರ ಕಾಲರೇಖೆ ನೆನಪಿನಲ್ಲಿದ್ದರೆ ಅನುಕೂಲ. ಪಾರ್ಕರ್ ಬ್ರದರ್ಸ್ ಕನೆಕ್ಟಿಕಟ್ ರಾಜ್ಯದ ಮೆರಿಡೆನ್‌ನಲ್ಲಿ 1860ರ ದಶಕದ ಕೊನೆಯಿಂದ ಕೋವಿ ತಯಾರಿಸಿತು. 1934ರಲ್ಲಿ ಅದನ್ನು ರೆಮಿಂಗ್ಟನ್ ಕೊಂಡಿತು. ಎಲ್.ಸಿ. ಸ್ಮಿತ್ ಕೋವಿಗಳು ಮೊದಲು ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್‌ನಲ್ಲಿ, 1890ರ ಸುಮಾರಿನಿಂದ ಹಂಟರ್ ಆರ್ಮ್ಸ್ ಕಂಪನಿಯ ಕೈಯಲ್ಲಿ ಫುಲ್ಟನ್‌ನಲ್ಲಿ ತಯಾರಾದವು. ಲಿಫೀವರ್ ಕೂಡ ಸಿರಕ್ಯೂಸಿನದೇ. 1916ರಲ್ಲಿ ಅದು ಇಥಾಕಾ ಗನ್ ಕಂಪನಿಗೆ ಸೇರಿತು. ಎ.ಎಚ್. ಫಾಕ್ಸ್ ಫಿಲಡೆಲ್ಫಿಯಾದ್ದು, 1929ರಲ್ಲಿ ಸ್ಯಾವೇಜ್ ಅದನ್ನು ಕೊಂಡು ಯುಟಿಕಾಗೆ ಸಾಗಿಸಿತು. ವಿಂಚೆಸ್ಟರ್ ನ್ಯೂಹೇವನ್‌ನದು, ರೆಮಿಂಗ್ಟನ್ ಇಲಿಯನ್‌ನದು.

ಇವುಗಳ ಜೊತೆಗೆ ಇನ್ನೊಂದು ದೊಡ್ಡ ಗುಂಪಿದೆ. ಹಾರ್ಡ್‌ವೇರ್ ಅಂಗಡಿಗಳು ತಮಗೆ ಬೇಕಾದ ಹೆಸರು ಕೊರೆಸಿ ಮಾರುತ್ತಿದ್ದ ಅಗ್ಗದ ಕೋವಿಗಳು ಅವು. ಅವುಗಳಲ್ಲಿ ಅನೇಕವು ಪೂರ್ತಿಯಾಗಿ ಬೆಲ್ಜಿಯಂನಲ್ಲೇ ತಯಾರಾದವು. ಇನ್ನು ಅನೇಕವು ಕನೆಕ್ಟಿಕಟ್ ರಾಜ್ಯದ ನಾರ್ವಿಚ್‌ನ ಕ್ರೆಸೆಂಟ್ ಕಂಪನಿಯವು. ಮೇಲಿನ ಹೆಸರು ಇಂಗ್ಲಿಷ್ ಕುಲನಾಮದಂತೆ ಕೇಳಿಸಿದ ಮಾತ್ರಕ್ಕೆ ಕೋವಿ ಇಂಗ್ಲೆಂಡಿನದು ಎಂದುಕೊಳ್ಳುವುದು ಹೊಸಬರೆಲ್ಲ ಮಾಡುವ ತಪ್ಪು.

ಹಂತ 3: ಹೆಣೆದ ನಳಿಗೆಯೋ, ಎರಕದ ಉಕ್ಕೋ?

ಹಳೆಯ ನಳಿಗೆಗಳಲ್ಲಿ ಎರಡು ಜಾತಿ. ಮೊದಲನೆಯದು ಡಮಾಸ್ಕಸ್ ಮತ್ತು ಟ್ವಿಸ್ಟ್: ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಅಟ್ಟಿಯಾಗಿ ಪೇರಿಸಿ, ಕುಲುಮೆಯಲ್ಲಿ ಬೆಸೆದು, ಸರಳಾಗಿ ಎಳೆದು, ಹಗ್ಗದಂತೆ ತಿರುಚಿ, ಅಂಥ ಎರಡು ಮೂರು ಸರಳುಗಳನ್ನು ಒಟ್ಟುಗೂಡಿಸಿ ಸಲಾಕೆಯ ಸುತ್ತ ಸುರುಳಿ ಸುತ್ತಿ, ಸುರುಳಿಯ ಅಂಚುಗಳನ್ನು ಸುತ್ತಿಗೆಯಿಂದ ಬಡಿದು ಬೆಸೆದು ಮಾಡಿದ ಕೊಳವೆ. ಸರಳುಗಳನ್ನು ತಿರುಚದೆ ಪಟ್ಟಿಯನ್ನು ನೇರವಾಗಿ ಸುತ್ತಿದರೆ ಬರಿಯ ಓರೆಗೆರೆಗಳು ಕಾಣುತ್ತವೆ, ಅದೇ ಟ್ವಿಸ್ಟ್. ಎರಡನೆಯ ಜಾತಿ ‘ಫ್ಲೂಯಿಡ್ ಸ್ಟೀಲ್’. ಪೂರ್ತಿ ಕರಗಿಸಿ ಎರಕ ಹೊಯ್ದ ಗಟ್ಟಿಯಿಂದ ತೆಗೆದ ಉಕ್ಕಿನ ದಂಡವನ್ನು ಉದ್ದಕ್ಕೂ ಕೊರೆದು ಇದನ್ನು ಮಾಡುತ್ತಾರೆ. ಇದರಲ್ಲಿ ಯಾವ ಹೆಣಿಗೆಯೂ ಇರುವುದಿಲ್ಲ.

ಕನ್ನಡ ಓದುಗರಿಗೆ ಇಲ್ಲಿ ಒಂದು ಗೊಂದಲ ಸಹಜವಾಗಿ ಎದುರಾಗುತ್ತದೆ. ನಮ್ಮ ‘ಉಕ್ಕು’ ಎಂಬ ಪದದಿಂದಲೇ ಇಂಗ್ಲಿಷಿನ ‘ವೂಟ್ಜ್’ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ. ದಕ್ಷಿಣ ಭಾರತದ ಆ ಮೂಸೆ ಉಕ್ಕಿನಿಂದ ಮಾಡಿದ ಕತ್ತಿಗಳ ಮೇಲಿನ ನೀರಲೆಯಂಥ ವಿನ್ಯಾಸಕ್ಕೂ ಡಮಾಸ್ಕಸ್ ಎಂಬ ಹೆಸರೇ ಇದೆ. ಆದರೆ ಕತ್ತಿಯ ಆ ವಿನ್ಯಾಸದ ಮೂಲ ಮೂಸೆಯೊಳಗೆ ನಿಧಾನವಾಗಿ ಗಟ್ಟಿಯಾದ ಒಂದೇ ಉಕ್ಕಿನ ಗಟ್ಟಿಯೊಳಗೇ ಇದ್ದು, ಅದನ್ನು ಬಡಿದಾಗ ಮೂಡುವಂಥದ್ದು. ಕೋವಿಯ ನಳಿಗೆಯದು ಪಟ್ಟಿ ಪೇರಿಸಿ ಬಡಿದು ಮಾಡಿದ್ದು. ಹೆಸರು ಒಂದೇ ಆದರೂ ಕಸುಬು ಬೇರೆ. ಪಾರ್ಕರ್ ಕೋವಿಯ ಡಮಾಸ್ಕಸ್ ನಳಿಗೆಯಲ್ಲಿ ಮೈಸೂರು ಸೀಮೆಯ ಉಕ್ಕನ್ನು ಹುಡುಕುವುದು ವ್ಯರ್ಥ.

ವಿನ್ಯಾಸ ನಿಜವೋ ನಕಲಿಯೋ ಎಂದೂ ನೋಡಬೇಕು. ಅಗ್ಗದ ಕೋವಿಗಳಲ್ಲಿ ಸಾದಾ ಕೊಳವೆಯ ಮೇಲೆ ಡಮಾಸ್ಕಸ್ ವಿನ್ಯಾಸವನ್ನು ಅಚ್ಚೊತ್ತಿ ಮಾರುವ ಪದ್ಧತಿಯಿತ್ತು. ನಿಜವಾದ ಹೆಣಿಗೆ ಲೋಹದ ಒಡಲೊಳಗೇ ಇರುವುದರಿಂದ ಫೋರೆಂಡಿನ ಅಡಿಯಲ್ಲಿಯೂ ನಳಿಗೆಯ ಬುಡದಲ್ಲಿಯೂ ಮುಂದುವರಿಯುತ್ತದೆ. ಅಚ್ಚೊತ್ತಿದ್ದು ಕಣ್ಣಿಗೆ ಬೀಳುವ ಜಾಗದಲ್ಲಿ ಮಾತ್ರ ಇದ್ದು, ಕೈತಾಗಿ ಸವೆದ ಕಡೆ ಮಾಯವಾಗುತ್ತದೆ. ಇದರ ಮಗ್ಗುಲಿಗೇ ಇನ್ನೊಂದು ತಪ್ಪೂ ಇದೆ: ನಿಜವಾದ ಡಮಾಸ್ಕಸ್ ನಳಿಗೆಗೆ ಯಾರೋ ನಂತರ ಕಪ್ಪು ಬಣ್ಣದ ಬ್ಲೂಯಿಂಗ್ ಮಾಡಿಸಿದ್ದರೆ ಅದು ಸಾದಾ ಉಕ್ಕಿನಂತೆ ಕಾಣುತ್ತದೆ. ಓರೆ ಬೆಳಕಿನಲ್ಲಿ ಮಸೂರ ಹಿಡಿದು ಫೋರೆಂಡಿನ ಮರೆಯ ಜಾಗವನ್ನು ನೋಡಿದರೆ ಸುರುಳಿಯ ಗುರುತು ಸಿಗಬಹುದು. ಆಮ್ಲ ತಾಗಿಸಿ ನೋಡುವ ಪರೀಕ್ಷೆಯನ್ನು ಮನೆಯಲ್ಲಿ ಮಾಡಬೇಡಿ.

ನಿಮ್ಮ ನಳಿಗೆ ನಿಜವಾದ ಡಮಾಸ್ಕಸ್ ಆಗಿದ್ದರೆ ಮೂಲದ ಹುಡುಕಾಟದ ದಿಕ್ಕು ಬಹುಮಟ್ಟಿಗೆ ಖಚಿತವಾಯಿತು. ಅಮೆರಿಕದ ಕಾರ್ಖಾನೆಗಳು ಬಳಸಿದ ಇಂಥ ಕೊಳವೆಗಳ ದೊಡ್ಡ ಪಾಲು ಬೆಲ್ಜಿಯಂನ ಲಿಯೇಜ್ ಸುತ್ತಲಿನದು, ಅದರಲ್ಲೂ ವೆಸ್ಡ್ರೆ ನದಿಯ ಕಣಿವೆಯ ನೆಸೊನ್ವೊ, ಟ್ರೂ ಮೊದಲಾದ ಊರುಗಳದು. ಬಡಿದು, ಒಳಗೆ ಒರಟಾಗಿ ಕೊರೆದ ಬಿಡಿ ಕೊಳವೆಗಳಾಗಿ ಅವು ಹಡಗು ಹತ್ತುತ್ತಿದ್ದವು; ಅಮೆರಿಕದ ಕಾರ್ಖಾನೆ ಅವನ್ನು ನಯವಾಗಿ ಕೊರೆದು, ಹೊರಗೆ ಅರದಿಂದ ಉಜ್ಜಿ, ಎರಡೆರಡನ್ನು ಜೋಡಿಸಿ ಬಣ್ಣ ಕಟ್ಟುತ್ತಿತ್ತು. ಅಂದಿನ ಅಮೆರಿಕದ ಸುಂಕ ಕಾಯಿದೆಗಳು ಒರಟಾಗಿ ಕೊರೆದ ಬಿಡಿ ನಳಿಗೆಗಳನ್ನು ಸುಂಕವಿಲ್ಲದ ಸರಕುಗಳ ಪಟ್ಟಿಯಲ್ಲಿ ಸೇರಿಸಿದ್ದರಿಂದ ಈ ವ್ಯಾಪಾರ ಸುಲಭವಾಯಿತು. ಪೂರ್ತಿಯಾದ ಕೋವಿಗೆ ಮಾತ್ರ ಸುಂಕ ತೆರಬೇಕಿತ್ತು.

‘ಬರ್ನಾರ್ಡ್’ ಎಂಬ ಹೆಸರನ್ನು ನೋಡಿದಾಗ ಎಚ್ಚರವಿರಲಿ. ಲಿಯೊಪೋಲ್ಡ್ ಬರ್ನಾರ್ಡ್ ಪ್ಯಾರಿಸ್ಸಿನ ಹೆಸರಾಂತ ನಳಿಗೆ ಕಸುಬುದಾರ. ಆದರೆ ಅಮೆರಿಕನ್ ಕೋವಿಗಳಲ್ಲಿ ‘ಬರ್ನಾರ್ಡ್’ ಎಂಬುದು ಒಂದು ಬಗೆಯ ಹೆಣಿಗೆಯ ಹೆಸರಾಗಿ ಬಳಕೆಯಾಯಿತು. ಮೈಸೂರಿಗೆ ಕಾಲಿಡದ ಅಂಗಡಿಯಲ್ಲೂ ‘ಮೈಸೂರು ಪಾಕ್’ ಸಿಗುವಂತೆ ಇದು.

ಹಂತ 4: ರಿಬ್ಬಿನ ಮೇಲಿನ ಹೆಸರನ್ನು ಓದಿ, ಆದರೆ ನಂಬಬೇಡಿ

ರಿಬ್ ಎಂದರೆ ಎರಡು ನಳಿಗೆಗಳ ನಡುವೆ ಮೇಲ್ಭಾಗದಲ್ಲಿ ಉದ್ದಕ್ಕೂ ಬೆಸೆದಿರುವ ಪಟ್ಟಿ. ಉಕ್ಕಿನ ಹೆಸರನ್ನು ಕೊರೆಯುತ್ತಿದ್ದುದು ಸಾಮಾನ್ಯವಾಗಿ ಇದರ ಮೇಲೆ ಅಥವಾ ನಳಿಗೆಯ ಪಕ್ಕದಲ್ಲಿ. ಈ ಹೆಸರುಗಳನ್ನು ಮೂರು ಬಗೆಯಾಗಿ ನೋಡುವುದು ಒಳ್ಳೆಯದು.

ಮೊದಲ ಬಗೆ ಶುದ್ಧ ವ್ಯಾಪಾರದ ಹೆಸರುಗಳು. ಪಾರ್ಕರ್‌ನಲ್ಲಿ ಟ್ರೋಜನ್, ವಲ್ಕನ್, ಪಾರ್ಕರ್ ಸ್ಪೆಷಲ್, ಟೈಟಾನಿಕ್, ಆಕ್ಮಿ, ಪಿಯರ್‌ಲೆಸ್ ಎಂಬ ಏಣಿ ಇತ್ತು: ಕೋವಿಯ ದರ್ಜೆ ಏರಿದಂತೆ ಉಕ್ಕಿನ ಹೆಸರೂ ಏರುತ್ತಿತ್ತು. ವಿ.ಎಚ್. ದರ್ಜೆಗೆ ವಲ್ಕನ್, ಡಿ.ಎಚ್. ದರ್ಜೆಗೆ ಟೈಟಾನಿಕ್. ಟೈಟಾನಿಕ್ ಎಂಬುದು ದೈತ್ಯಬಲವನ್ನು ಸೂಚಿಸುವ ಹೆಸರು. ಟೈಟೇನಿಯಂ ಲೋಹಕ್ಕಾಗಲಿ, 1912ರಲ್ಲಿ ಮುಳುಗಿದ ಹಡಗಿಗಾಗಲಿ ಅದಕ್ಕೆ ಸಂಬಂಧವಿಲ್ಲ. ಹಡಗಿಗಿಂತ ಉಕ್ಕಿನ ಹೆಸರೇ ಹಳೆಯದು. ಎಲ್.ಸಿ. ಸ್ಮಿತ್‌ನಲ್ಲಿ ಆರ್ಮರ್, ಲಂಡನ್, ಕ್ರೌನ್, ನೈಟ್ರೋ, ರಾಯಲ್ ಎಂಬ ಹೆಸರುಗಳಿವೆ. ಫೀಲ್ಡ್ ದರ್ಜೆಯದು ಆರ್ಮರ್, ಐಡಿಯಲ್ ದರ್ಜೆಯದು ಲಂಡನ್. ಲಂಡನ್ ಉಕ್ಕು ಲಂಡನ್ನಿನಿಂದ ಬಂದಿತೆನ್ನಲು ಆ ಹೆಸರು ಪುರಾವೆಯಾಗದು. ಲಿಫೀವರ್‌ನ ಡ್ಯೂರಾ ನೈಟ್ರೋ, ಇಥಾಕಾದ ನೈಟ್ರೋ, ರೆಮಿಂಗ್ಟನ್ನಿನ ಆರ್ಡ್‌ನೆನ್ಸ್, ಬೇಕರ್‌ನ ಹೋಮೋಟೆನ್ಸೈಲ್ ಎಲ್ಲವೂ ಇದೇ ಗುಂಪಿಗೆ ಸೇರಿದವು. ‘ನೈಟ್ರೋ’ ಎಂದಿದ್ದರೆ ಹೊಗೆರಹಿತ ಮದ್ದಿಗೆ ತಕ್ಕ ನಳಿಗೆ ಎಂಬ ಭರವಸೆಯಷ್ಟೇ. ಉಕ್ಕಿನಲ್ಲಿ ನೈಟ್ರೋಜನ್ ಬೆರೆಸಿದ್ದಾರೆಂದಲ್ಲ.

ಎರಡನೆಯ ಬಗೆ ನಿಜವಾದ ಉಕ್ಕಿನ ಕಾರ್ಖಾನೆಯನ್ನು ಹೆಸರಿಸುವಂಥವು: ಮ್ಯಾಂಚೆಸ್ಟರಿನ ವಿಟ್ವರ್ಥ್, ಎಸ್ಸೆನ್ನಿನ ಕ್ರುಪ್, ಲಿಯೇಜ್ ಪಕ್ಕದ ಸೆರಾಂಗ್‌ನಲ್ಲಿ 1817ರಲ್ಲಿ ಆರಂಭವಾದ ಕಾಕೆರಿಲ್. ಇವುಗಳನ್ನು ಬರಿಯ ಹೆಸರೆಂದು ತಳ್ಳಿಹಾಕಲಾಗದು; ಆದರೆ ಮುಂದಿನ ಹಂತದಲ್ಲಿ ಹೇಳುವ ಮುದ್ರೆ ಜೊತೆಗಿದ್ದರೆ ಮಾತ್ರ ಒಪ್ಪಬಹುದು.

ಮೂರನೆಯ ಬಗೆ ಉಕ್ಕಿನ ಗುಣವನ್ನು ಹೇಳುವ ಹೆಸರುಗಳು. ವಿಂಚೆಸ್ಟರ್‌ನ ‘ನಿಕ್ಕಲ್ ಸ್ಟೀಲ್’ ನಿಕ್ಕಲ್ ಬೆರೆತ ಉಕ್ಕೇ ಹೌದು. ಅದೇ ಕಂಪನಿಯ ನಂತರದ ‘ಪ್ರೂಫ್ ಸ್ಟೀಲ್’ ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತದ್ದು. ‘ಡೀಕಾರ್ಬೊನೈಸ್ಡ್ ಸ್ಟೀಲ್’ ಎಂಬುದು ಹತ್ತೊಂಬತ್ತನೆಯ ಶತಮಾನದ ಅಗ್ಗದ ಕೋವಿಗಳಲ್ಲಿ ಕಾಣುವ ಪದ. ಇಂಗಾಲ ಕಡಿಮೆಯಿರುವ ಸಾದಾ ಉಕ್ಕಿಗೆ ಇಟ್ಟ ಹೆಸರು.

ಇನ್ನು ಹೆಚ್ಚು ಜನರನ್ನು ದಾರಿತಪ್ಪಿಸುವ ‘ಫ್ಲೂಯಿಡ್ ಕಂಪ್ರೆಸ್ಡ್’ ಎಂಬ ಮಾತಿಗೆ ಬರೋಣ. ಕರಗಿದ ಉಕ್ಕು ಅಚ್ಚಿನಲ್ಲಿ ಗಟ್ಟಿಯಾಗುವಾಗ ಒಳಗೆ ಗಾಳಿಗುಳ್ಳೆಗಳು ಉಳಿದು ಲೋಹ ಪೊಳ್ಳಾಗುತ್ತಿತ್ತು. ಸರ್ ಜೋಸೆಫ್ ವಿಟ್ವರ್ಥ್, ಉಕ್ಕು ಇನ್ನೂ ದ್ರವವಾಗಿರುವಾಗಲೇ ಭಾರೀ ಒತ್ತಡ ಹಾಕಿ ಆ ಗುಳ್ಳೆಗಳನ್ನು ಹೊರದಬ್ಬುವ ವಿಧಾನಕ್ಕೆ 1865ರಲ್ಲಿ ಪೇಟೆಂಟ್ ಪಡೆದರು. ಅದರ ಕೀರ್ತಿ ಎಷ್ಟಿತ್ತೆಂದರೆ ‘ಫ್ಲೂಯಿಡ್’ ಮತ್ತು ‘ಕಂಪ್ರೆಸ್ಡ್’ ಎಂಬ ಪದಗಳನ್ನು ಮಿಕ್ಕವರೂ ಧಾರಾಳವಾಗಿ ಬಳಸತೊಡಗಿದರು. ಜರ್ಮನ್ ಭಾಷೆಯ ‘ಫ್ಲುಸ್‌ಸ್ಟಾಲ್’ ಎಂಬ ಪದಕ್ಕೆ ಬಡಿದು ಬೆಸೆದದ್ದಲ್ಲ, ಕರಗಿಸಿ ಎರೆದದ್ದು ಎಂಬಷ್ಟೇ ಅರ್ಥ. ಅದು ಇಂಗ್ಲಿಷಿನಲ್ಲಿ ‘ಫ್ಲೂಯಿಡ್ ಸ್ಟೀಲ್’ ಆದಾಗ ವಿಟ್ವರ್ಥ್‌ನ ನೆರಳು ತಾನಾಗಿ ಅದರ ಮೇಲೆ ಬಿತ್ತು. ಫಾಕ್ಸ್ ಕಂಪನಿಯ ಅಗ್ಗದ ಸ್ಟರ್ಲಿಂಗ್‌ವರ್ಥ್ ಮಾದರಿಯ ನಳಿಗೆಯ ಮೇಲೂ ‘ಫ್ಲೂಯಿಡ್ ಕಂಪ್ರೆಸ್ಡ್ ಸ್ಟೀಲ್’ ಎಂದಿದೆ. ಅದನ್ನು ಕಂಡು ಮ್ಯಾಂಚೆಸ್ಟರಿಗೆ ಓಡಬೇಕಾಗಿಲ್ಲ. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಕಂಪನಿ 1880ರ ದಶಕದಲ್ಲಿ ವಿಟ್ವರ್ಥ್ ಸಂಸ್ಥೆಯಿಂದ ಯಂತ್ರಗಳನ್ನೂ ವಿಧಾನವನ್ನೂ ಕೊಂಡುಕೊಂಡದ್ದರಿಂದ, ಒತ್ತಡ ಹಾಕಿದ ಉಕ್ಕು ಅಮೆರಿಕದಲ್ಲೇ ತಯಾರಾಗಲೂ ಅವಕಾಶವಿತ್ತು.

ಹಂತ 5: ಅಡಿಯ ಮುದ್ರೆಗಳು

ಈಗ ನಳಿಗೆಯನ್ನು ಬೋರಲಾಗಿ ಮಲಗಿಸಿ. ಚಪ್ಪಟೆ ಪಟ್ಟಿಗಳ ಮೇಲೆ, ಅಲ್ಲಿಂದ ಫೋರೆಂಡಿನ ಕೊಕ್ಕೆಯವರೆಗೆ, ಎರಡೂ ಕೊಳವೆಗಳ ಅಡಿಯನ್ನು ಅಂಗುಲ ಅಂಗುಲವಾಗಿ ನೋಡಿ. ಒಣಗಿದ ಎಣ್ಣೆಯ ಜಿಡ್ಡು ಮುದ್ರೆಗಳನ್ನು ಮುಚ್ಚಿರುತ್ತದೆ. ಹೊಸ ಎಣ್ಣೆ ಹನಿಸಿ ಒಂದು ದಿನ ಬಿಟ್ಟು, ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಚಿತ್ರ ತೆಗೆಯುವಾಗ ಬೆಳಕು ಒಂದೇ ಪಕ್ಕದಿಂದ, ತಗ್ಗಾಗಿ ಬೀಳಬೇಕು.

ವಿಟ್ವರ್ಥ್ ಉಕ್ಕಿನ ಗುರುತು ಗೋಧಿಯ ಸಿವುಡಿನ ಚಿತ್ರ. ಆ ಸಿವುಡು ಮತ್ತು ವಿಟ್ವರ್ಥ್ ಹೆಸರು ಕೊಳವೆಯ ಅಡಿಯಲ್ಲಿ ಇದ್ದು, ಪಕ್ಕದಲ್ಲಿ ಕೋವಿಯ ಕ್ರಮಸಂಖ್ಯೆಗೆ ಸಂಬಂಧವಿಲ್ಲದ ಇನ್ನೊಂದು ಸಂಖ್ಯೆ ಇದ್ದರೆ ಅದು ಕೊಳವೆಯ ಸಂಖ್ಯೆ; ಬರೆದುಕೊಳ್ಳಿ. ಕ್ರುಪ್‌ನ ಗುರುತು ಒಂದರ ಮೇಲೊಂದು ಹೆಣೆದ ಮೂರು ಉಂಗುರಗಳು, ರೈಲುಗಾಲಿಯ ಬೆಸುಗೆಯಿಲ್ಲದ ಪಟ್ಟಿಗಳ ಸಂಕೇತ. ನಳಿಗೆಗಳಲ್ಲಿ ಇದಕ್ಕಿಂತ ‘ಕ್ರುಪ್ ಎಸ್ಸೆನ್’ ಎಂಬ ಬರಹ ಮತ್ತು ಫ್ಲುಸ್‌ಸ್ಟಾಲ್ ಎಂಬ ಪದ ಸಾಮಾನ್ಯ. ‘ಎಲ್.ಎಲ್.ಎಚ್.’ ಎಂಬ ಮೂರಕ್ಷರ ಕಂಡರೆ ಅದು ಲಿಯೇಜ್ ಪಕ್ಕದ ಜುಪಿಲ್ ಊರಿನ ಲೋರಾಂ ಲೊಶೆ-ಹಬ್ರಾನ್ ಎಂಬ ನಳಿಗೆ ತಯಾರಕನ ಗುರುತು. ಇದು ಕೊಳವೆ ಮಾಡಿದ ಊರನ್ನು ಹೇಳುತ್ತದೆ. ಉಕ್ಕು ಎರಕ ಹೊಯ್ದ ಊರನ್ನು ಹೇಳುವುದಿಲ್ಲ ಎಂಬುದು ನೆನಪಿರಲಿ.

ಪ್ರೂಫ್ ಮುದ್ರೆಗಳದು ಬೇರೆ ಕಥೆ. ಪ್ರೂಫ್ ಎಂದರೆ ಹೆಚ್ಚು ಮದ್ದು ತುಂಬಿ ಹಾರಿಸಿ ನಳಿಗೆ ತಡೆಯುವುದೇ ಎಂದು ನೋಡುವ ಅಧಿಕೃತ ಪರೀಕ್ಷೆ. ಅಮೆರಿಕದಲ್ಲಿ ಸರ್ಕಾರದ ಪರೀಕ್ಷಾಗೃಹ ಇರಲಿಲ್ಲ. ಹಾಗಾಗಿ ಯೂರೋಪಿನ ಪರೀಕ್ಷಾಗೃಹದ ಮುದ್ರೆ ಕಂಡರೆ ಆ ಲೋಹ ಸಮುದ್ರ ದಾಟಿ ಬಂದದ್ದೇ. ಲಿಯೇಜಿನ ಮುದ್ರೆ ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ಇ.ಎಲ್.ಜಿ. ಎಂಬ ಅಕ್ಷರಗಳು ಮತ್ತು ಒಂದು ನಕ್ಷತ್ರ; 1893ರಿಂದ ಅದರ ಮೇಲೆ ಕಿರೀಟ ಸೇರಿತು. ಪೆರಾನ್ ಎಂಬ ಕಂಬದ ಚಿತ್ರವೂ ಲಿಯೇಜಿನದೇ. ಜರ್ಮನಿಯ 1891ರ ಕಾಯಿದೆಯ ಮುದ್ರೆಗಳಲ್ಲಿ ಕಿರೀಟದ ಕೆಳಗೆ ಯು, ಎಸ್, ಡಬ್ಲ್ಯೂ ಮೊದಲಾದ ಅಕ್ಷರಗಳಿರುತ್ತವೆ. 18.4ರಂಥ ದಶಮಾಂಶ ಸಂಖ್ಯೆ ಕಂಡರೆ ಅದು ಮಿಲಿಮೀಟರಿನಲ್ಲಿ ಅಳೆದ ಒಳವ್ಯಾಸ. ಅಮೆರಿಕದ ಕಾರ್ಖಾನೆಯವರು ಮಿಲಿಮೀಟರಿನಲ್ಲಿ ಅಳೆಯುತ್ತಿರಲಿಲ್ಲವಾದ್ದರಿಂದ ಅದೂ ಒಂದು ಸುಳಿವು.

ಇಲ್ಲೊಂದು ಸೂಕ್ಷ್ಮವಿದೆ. ಅಂತಿಮ ಪರೀಕ್ಷೆ ನಡೆಯುವುದು ಮುಗಿದ ಕೋವಿಯ ಮೇಲೆ. ಆದ್ದರಿಂದ ಲಿಯೇಜಿನ ಪೂರ್ತಿ ಮುದ್ರೆಗಳಿರುವ ಕೋವಿ, ಮೇಲೆ ಯಾವ ಅಮೆರಿಕನ್ ಹೆಸರಿದ್ದರೂ, ಲಿಯೇಜಿನಲ್ಲೇ ಮುಗಿದ ಕೋವಿ. ಒರಟು ಕೊಳವೆಯಾಗಿ ಬಂದು ಮೆರಿಡೆನ್‌ನಲ್ಲೋ ಫುಲ್ಟನ್‌ನಲ್ಲೋ ಮುಗಿದ ನಳಿಗೆಯಲ್ಲಿ ಆ ಮುದ್ರೆಗಳು ಇರುವುದಿಲ್ಲ. ಮುದ್ರೆ ಇಲ್ಲವೆಂಬುದು ಅಮೆರಿಕದ ಉಕ್ಕು ಎಂಬುದಕ್ಕೆ ಸಾಕ್ಷಿಯಲ್ಲ; ಅರ ಹಾಕಿ ಉಜ್ಜುವಾಗ ಮೊದಲಿದ್ದ ಗುರುತುಗಳು ಹೋಗಿರಲೂಬಹುದು. ಅಂತೆಯೇ ವಿಂಚೆಸ್ಟರ್‌ನಂಥ ಕಂಪನಿಗಳು ತಮ್ಮದೇ ಖಾಸಗಿ ಪರೀಕ್ಷೆಯ ಮುದ್ರೆ ಒತ್ತುತ್ತಿದ್ದವು, ಮೊಟ್ಟೆಯಾಕಾರದೊಳಗಿನ ಡಬ್ಲ್ಯೂ.ಪಿ. ಅಂಥದ್ದು. ಪಾರ್ಕರ್ ನಳಿಗೆಗಳ ಅಡಿಯಲ್ಲಿ ಕಾಣುವ ಜೋಡಿ ಅಂಕಿಗಳು ಒರಟು ನಳಿಗೆಯ ತೂಕವನ್ನು ಪೌಂಡು ಮತ್ತು ಔನ್ಸಿನಲ್ಲಿ ಹೇಳುತ್ತವೆಯೇ ಹೊರತು ಮೂಲವನ್ನಲ್ಲ.

ಪ್ರಾಸಂಗಿಕವಾಗಿ ಹೇಳುವುದಾದರೆ, ಕೊಡಗು ಮತ್ತು ಮಲೆನಾಡಿನ ಮನೆಗಳಲ್ಲಿರುವ ಬ್ರಿಟಿಷ್ ಕೋವಿಗಳನ್ನು ಓದಲು ಈ ಹಂತವೊಂದೇ ಸಾಕಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಿಂದಲೇ ಇರುವುದರಿಂದ ಅಲ್ಲಿನ ಕೋವಿಯ ನಳಿಗೆ ತನ್ನ ಗುರುತನ್ನು ತಾನೇ ಹೊತ್ತಿರುತ್ತದೆ. ಕಷ್ಟವಿರುವುದು ಅಮೆರಿಕದ್ದರಲ್ಲೇ.

ಹಂತ 6: ಇಸವಿಯ ಜರಡಿ

ಸಿಕ್ಕ ಸುಳಿವುಗಳನ್ನು ಇಸವಿಯ ಜೊತೆ ಹೊಂದಿಸಿ ನೋಡಿ. ಮಕ್‌ಕಿನ್ಲಿ ಸುಂಕ ಕಾಯಿದೆಯ ಪ್ರಕಾರ 1891ರ ಮಾರ್ಚ್‌ನಿಂದ ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರು ಇರಬೇಕಾಯಿತು. ಪೂರ್ತಿಯಾಗಿ ಆಮದಾದ ಕೋವಿಯ ಮೇಲೆ ‘ಬೆಲ್ಜಿಯಂ’ ಎಂದಿದ್ದರೆ ಅದು ಆ ನಂತರದ್ದೆಂದು ತಿಳಿಯಬಹುದು.

ಎರಡನೆಯ ಗಡಿ 1914ರ ಆಗಸ್ಟ್. ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿ ಅದೇ ತಿಂಗಳಲ್ಲಿ ಲಿಯೇಜನ್ನು ಹಿಡಿಯಿತು. ಕೊಳವೆಗಳ ಸಾಗಣೆ ನಿಂತಿತು. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದ ಎಸ್ಸೆನ್ನಿನ ದಾರಿಯೂ ಮುಚ್ಚಿತು. ಯುದ್ಧದ ವರ್ಷಗಳಲ್ಲಿ ಮುಗಿದ ಕೋವಿಯಲ್ಲಿ ಯೂರೋಪಿನ ಕೊಳವೆ ಇದ್ದರೆ ಅದು ಕಾರ್ಖಾನೆಯ ಉಗ್ರಾಣದಲ್ಲಿ ಮೊದಲೇ ಇದ್ದ ದಾಸ್ತಾನು. ಕೋವಿಯ ಇಸವಿ ಮತ್ತು ಕೊಳವೆಯ ಇಸವಿ ಒಂದೇ ಆಗಬೇಕಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ದುಬಾರಿ ದರ್ಜೆಯ ಕೊಳವೆಗಳು ಬೇಡಿಕೆ ಬರುವವರೆಗೂ ಕಾಯುತ್ತಿದ್ದವು.

ಹಂತ 7: ದಾಖಲೆಗಳು

ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಬಫಲೋ ಬಿಲ್ ಸೆಂಟರ್‌ನಲ್ಲಿರುವ ಕೋವಿ ಸಂಗ್ರಹಾಲಯದ ದಾಖಲೆ ವಿಭಾಗ ವಿಂಚೆಸ್ಟರ್, ಮಾರ್ಲಿನ್ ಮತ್ತು ಎಲ್.ಸಿ. ಸ್ಮಿತ್ ಕಂಪನಿಗಳ ಉಳಿದಿರುವ ಪುಸ್ತಕಗಳನ್ನು ನೋಡಿ, ಶುಲ್ಕ ಪಡೆದು, ಪತ್ರ ಕೊಡುತ್ತದೆ. ಪಾರ್ಕರ್ ಕೋವಿಗಳಿಗೆ ಪಾರ್ಕರ್ ಸಂಗ್ರಾಹಕರ ಸಂಘ ಇಂಥ ಪತ್ರ ಒದಗಿಸುತ್ತದೆ. ಕ್ರಮ ಸಂಖ್ಯೆ, ದರ್ಜೆ, ನಳಿಗೆಯ ಉದ್ದ ಮತ್ತು ಅಡಿಯ ಮುದ್ರೆಗಳ ಚಿತ್ರವನ್ನು ಕಳಿಸಿ. ಪತ್ರದಲ್ಲಿ ಸಿಗುವುದು ಸಾಮಾನ್ಯವಾಗಿ ಕೋವಿ ಕಾರ್ಖಾನೆ ಬಿಟ್ಟ ದಿನ, ದರ್ಜೆ ಮತ್ತು ನಳಿಗೆಯ ಉಕ್ಕಿನ ವ್ಯಾಪಾರದ ಹೆಸರು. ಉಕ್ಕು ಪೂರೈಸಿದವರ ಹೆಸರು ಅದರಲ್ಲಿ ಬರುತ್ತದೆಂದು ಎದುರು ನೋಡಬೇಡಿ. ಪತ್ರದ ನಿಜವಾದ ಬೆಲೆ ನಳಿಗೆ ಮೂಲದ್ದೇ ಎಂದು ದೃಢಪಡಿಸುವುದರಲ್ಲಿದೆ.

ಪೂರೈಕೆದಾರರ ಸುದ್ದಿ ಸಿಗುವುದು ಕೋವಿಯ ಪುಸ್ತಕಗಳಿಗಿಂತ ವ್ಯಾಪಾರದ ಕಾಗದಗಳಲ್ಲಿ. ಕಂಪನಿಗಳ ಬೆಲೆಪಟ್ಟಿಗಳನ್ನು ವರ್ಷವಾರು ಹೋಲಿಸಿ ನೋಡಿದರೆ ಒಂದು ಹೆಸರು ಯಾವಾಗ ಬಂತು, ಯಾವಾಗ ಮಾಯವಾಯಿತು ಎಂದು ತಿಳಿಯುತ್ತದೆ. ಫಾಕ್ಸ್‌ನ ಪಟ್ಟಿಗಳಲ್ಲಿ ಕ್ರುಪ್ ಹೋಗಿ ‘ಕ್ರೋಮಾಕ್ಸ್’ ಬಂದದ್ದು ಹೀಗೆ ಕಾಣುವ ಬದಲಾವಣೆ. ಅಮೆರಿಕದ ಸಂಸತ್ತಿನ ಸುಂಕ ವಿಚಾರಣೆಗಳ ವರದಿಗಳು, ಲಿಯೇಜಿನಲ್ಲಿದ್ದ ಅಮೆರಿಕದ ಕಾನ್ಸಲರ ವಾಣಿಜ್ಯ ವರದಿಗಳು ಮತ್ತು ಅಂದಿನ ಬೇಟೆ ಪತ್ರಿಕೆಗಳು ಇನ್ನೂ ಕೆಲವು ಒಳ್ಳೆಯ ಗಣಿಗಳು. ಒಂದು ಮಾತು: ಬೆಲೆಪಟ್ಟಿ ಬರೆದವನು ಸರಕು ಮಾರಲು ಬರೆದವನು. ಅವನ ವಾಕ್ಯವನ್ನು ಇಸವಿಗೆ ಸಾಕ್ಷಿಯಾಗಿ ಬಳಸಿ, ಗುಣಕ್ಕೆ ಸಾಕ್ಷಿಯಾಗಿ ಬೇಡ.

ಹಂತ 8: ಲೋಹದ ಪರೀಕ್ಷೆ, ಅಗತ್ಯವಿದ್ದರೆ ಮಾತ್ರ

ಅನೇಕರು ಮೊದಲು ಕೇಳುವುದೇ ಇದನ್ನು. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯ ಹಂತ. ಕೈಯಲ್ಲಿ ಹಿಡಿಯುವ ಎಕ್ಸ್‌-ರೇ ಯಂತ್ರ, ಅಂದರೆ ಎಕ್ಸ್‌.ಆರ್‌.ಎಫ್., ಲೋಹಕ್ಕೆ ಗಾಯ ಮಾಡದೆ ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್ ಇವೆಯೇ ಎಂದು ಹೇಳುತ್ತದೆ. ಆದರೆ ಉಕ್ಕಿನ ಜೀವಾಳವಾದ ಇಂಗಾಲವನ್ನು ಅದು ಅಳೆಯಲಾರದು. ಇಂಗಾಲ, ರಂಜಕ, ಗಂಧಕ ಎಲ್ಲವನ್ನೂ ಸರಿಯಾಗಿ ಅಳೆಯಲು ಕಿಡಿ ಹಾರಿಸಿ ಬೆಳಕನ್ನು ವಿಶ್ಲೇಷಿಸುವ ಯಂತ್ರ ಬೇಕು. ಅದು ಲೋಹದ ಮೇಲೆ ಸುಟ್ಟ ಕಲೆ ಬಿಡುತ್ತದೆ. ಒಳ್ಳೆಯ ಕೋವಿಯ ಮೇಲೆ ಇದನ್ನು ಮಾಡಿಸಬೇಡಿ. ಒಡೆದುಹೋದ ಅಥವಾ ಕತ್ತರಿಸಿದ ನಳಿಗೆಯ ತುಂಡಿದ್ದರೆ ಅದೇ ತಕ್ಕದ್ದು.

ಪರೀಕ್ಷೆ ಏನು ಹೇಳಬಲ್ಲದು? ತುಂಡನ್ನು ಕತ್ತರಿಸಿ ನಯಗೊಳಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಿಟ್ಟದ ಎಳೆಗಳು ಕಂಡರೆ ಅದು ಬಡಿದು ಮಾಡಿದ ಕಬ್ಬಿಣ. ರಂಜಕ ಮತ್ತು ನೈಟ್ರೋಜನ್ ಹೆಚ್ಚಿದ್ದರೆ ಗಾಳಿ ಊದಿ ತಯಾರಿಸಿದ ಬೆಸೆಮರ್ ಉಕ್ಕಿನ ಸಂಭವ ಹೆಚ್ಚು; ಕಡಿಮೆಯಿದ್ದರೆ ತೆರೆದ ಒಲೆಯ, ಅಂದರೆ ಓಪನ್ ಹಾರ್ತ್ ವಿಧಾನದ ಉಕ್ಕಿನ ಸಂಭವ. ಅಮೆರಿಕದಲ್ಲಿ 1908ರಲ್ಲಿ ಓಪನ್ ಹಾರ್ತ್ ಉಕ್ಕಿನ ಉತ್ಪಾದನೆ ಬೆಸೆಮರ್ ಉಕ್ಕನ್ನು ಮೀರಿಸಿತು ಎಂಬುದನ್ನು ಇದರ ಜೊತೆ ಇಟ್ಟು ನೋಡಬಹುದು. ನಿಕ್ಕಲ್ ಅಥವಾ ಕ್ರೋಮಿಯಂ ಗಣನೀಯವಾಗಿ ಸಿಕ್ಕರೆ ಮಿಶ್ರಲೋಹದ ಉಕ್ಕು.

ಪರೀಕ್ಷೆ ಹೇಳಲಾರದ್ದು ಊರಿನ ಹೆಸರು. ಇಂಗಾಲ ಕಡಿಮೆಯಿರುವ ಸಾದಾ ಉಕ್ಕು ಎಸ್ಸೆನ್‌ನಲ್ಲಿ ಆದರೂ, ಸೆರಾಂಗ್‌ನಲ್ಲಿ ಆದರೂ, ಬೆತ್ಲೆಹೆಮ್‌ನಲ್ಲಿ ಆದರೂ ಅಂಕಿಗಳಲ್ಲಿ ಒಂದೇ ಆಗಿ ಕಾಣಬಹುದು. ‘ಇಂದಿನ 1020 ಉಕ್ಕಿಗೆ ಸಮ’ (1020 ಎಂಬುದು ಇಂಗಾಲ ಕಡಿಮೆಯಿರುವ ಸಾದಾ ಉಕ್ಕಿನ ಒಂದು ದರ್ಜೆ) ಎಂದು ವರದಿ ಬಂದರೆ ಅದು ಸಂಯೋಜನೆಯ ಹೋಲಿಕೆ ಮಾತ್ರ. ಹದವೂ ಶುದ್ಧತೆಯೂ ಇಂದಿನಂತೆಯೇ ಇವೆ ಎಂದರ್ಥವಲ್ಲ.

ಹಂತ 9: ತೀರ್ಮಾನವನ್ನು ಬರೆಯುವುದು

ಆರಂಭದಲ್ಲಿ ಹೇಳಿದ ಮೂರು ಸಾಲುಗಳಿಗೆ ಈಗ ಬನ್ನಿ. ಪ್ರತಿ ಸಾಲಿನ ಮುಂದೆ ಉತ್ತರ, ಅದರ ಆಧಾರ, ಮತ್ತು ‘ಖಚಿತ’, ‘ಸಂಭವ’, ‘ತಿಳಿಯದು’ ಇವುಗಳಲ್ಲಿ ಒಂದು ಪದ ಇರಲಿ. 1905ರ ಸುಮಾರಿನ ಒಂದು ಫಾಕ್ಸ್ ಕೋವಿಯ ಅಡಿಯಲ್ಲಿ ಕ್ರುಪ್ ಎಸ್ಸೆನ್ ಮುದ್ರೆ ಇದ್ದು, ಸಂಖ್ಯೆಗಳು ಹೊಂದಿಕೊಂಡಿದ್ದು, ಯಾವ ಪರೀಕ್ಷಾಗೃಹದ ಗುರುತೂ ಇಲ್ಲವಾದರೆ ಹೀಗೆ ಬರೆಯಬಹುದು: ‘ಉಕ್ಕು ಎಸ್ಸೆನ್, ಮುದ್ರೆಯ ಆಧಾರದಿಂದ ಖಚಿತ, ಕೊಳವೆ ಕೊರೆದ ಊರು ತಿಳಿಯದು, ಕೋವಿ ಮುಗಿದದ್ದು ಫಿಲಡೆಲ್ಫಿಯಾ, ಖಚಿತ.’ 1920ರ ಎಲ್.ಸಿ. ಸ್ಮಿತ್ ಒಂದರಲ್ಲಿ ‘ಲಂಡನ್ ಸ್ಟೀಲ್’ ಎಂಬ ಬರಹವೊಂದೇ ಇದ್ದು ಅಡಿಯಲ್ಲಿ ಬೇರೇನೂ ಇಲ್ಲವಾದರೆ ಮೊದಲ ಎರಡು ಸಾಲುಗಳ ಮುಂದೆ ‘ತಿಳಿಯದು’ ಎಂದೇ ಬರೆಯಬೇಕು. ಮೂರನೆಯದು ಮಾತ್ರ ಫುಲ್ಟನ್. ಮಾರುವಾಗಲೋ ಕೊಳ್ಳುವಾಗಲೋ ಈ ಖಾಲಿ ಜಾಗಗಳನ್ನು ಊಹೆಯಿಂದ ತುಂಬುವ ಆಸೆ ಬರುತ್ತದೆ. ‘ಇಂಗ್ಲೆಂಡಿನ ಉಕ್ಕು’ ಎಂದು ಹೇಳಿ ಬೆಲೆ ಏರಿಸುವವರಿಗೆ ಗೋಧಿಯ ಸಿವುಡನ್ನು ತೋರಿಸಲು ಹೇಳಿ.

ಚಿತ್ರಗಳನ್ನು ಕ್ರಮಸಂಖ್ಯೆಯ ಹೆಸರಿನಲ್ಲಿ ಉಳಿಸಿ, ಟಿಪ್ಪಣಿಯ ಒಂದು ಪ್ರತಿಯನ್ನು ಕೋವಿಯ ಪೆಟ್ಟಿಗೆಯಲ್ಲೇ ಇಡಿ. ನಳಿಗೆಯನ್ನು ಮರಳಿ ಜೋಡಿಸುವ ಮುನ್ನ ಚಪ್ಪಟೆ ಪಟ್ಟಿಗಳನ್ನೂ ಮುದ್ರೆಗಳಿರುವ ಜಾಗವನ್ನೂ ಎಣ್ಣೆಬಟ್ಟೆಯಿಂದ ಒರೆಸಿ. ಬೆರಳಿನ ಬೆವರು ಬಿದ್ದ ಕಡೆ ವಾರದೊಳಗೆ ತುಕ್ಕು ಹಿಡಿಯುತ್ತದೆ.